ಕತ್ತರಿ ಮುಟ್ಟದ ಕೂದಲು

ಗೊಂಬೆಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ, ನಮ್ಮ ಕಡೆಯ ಹೆಣ್ಣುಮಕ್ಕಳು ಹಚ್ಚುತ್ತಲೇ ಬಂದಿದ್ದಾರೆ. ಅವರ ತಪ್ಪೂ ಅಲ್ಲ. ರಾಯಚೂರಿನ ಬಿಸಿಲಿನಲ್ಲಿ ಒಣಗಿದ ತಲೆ ಕಂಡರೆ ಯಾವ ತಾಯಿಯ ಕೈಯೂ ಸುಮ್ಮನಿರುವುದಿಲ್ಲ. ಮಗಳಿಗೆ ಹಚ್ಚಿ ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಎಲ್ಲಿ ಒರೆಸುವುದೆಂದು, ಪಕ್ಕದಲ್ಲಿ ಬಿದ್ದಿದ್ದ ಗೊಂಬೆಯ ತಲೆಗೆ ಸವರಿಬಿಡುತ್ತಾರೆ. ಅದು ನೈಲಾನು. ಎಣ್ಣೆ ಕುಡಿಯುವುದಿಲ್ಲ, ಎಣ್ಣೆ ಹೊರಗೇ ಕೂತು ಧೂಳನ್ನು ಕರೆಯುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಲಂಡನ್ನಿನ ರಾಜಕುಮಾರಿಯಂತಿದ್ದ ಗೊಂಬೆ ಪಾತ್ರೆ ತಿಕ್ಕುವ ನಾರು ಹೊತ್ತುಕೊಂಡು ಕೂತಿರುತ್ತದೆ.

ಅಂಥವು ನನ್ನ ಬಳಿ ಬರುತ್ತವೆ. ಕೆಳಗೆ ತಮ್ಮನ ಸಂಸಾರ, ಮೇಲಿನ ಎರಡು ಕೋಣೆಯಲ್ಲಿ ನಾನು ಮತ್ತು ಊರವರ ಗೊಂಬೆಗಳು. ಕೆಲವು ಗಲ್ಫಿನಿಂದ ಬಂದವು, ಕೆಲವು ಹಳೆಯ ಮನೆಗಳ ಗಾಜಿನ ಕಪಾಟಿನವು. ಈಗ ಮಾರುಕಟ್ಟೆಯಲ್ಲಿ ಸಿಗದ, ಸಂಗ್ರಹಿಸುವವರು ಹುಡುಕಿಕೊಂಡು ಹೋಗುವ ಜಾತಿಯವೂ ಇರುತ್ತವೆ. ನನ್ನ ಕೆಲಸ ಕೂದಲಿನದಷ್ಟೇ. ಮುರಿದ ಕೈಕಾಲು, ಮಾಸಿದ ಬಟ್ಟೆ ನನ್ನ ಡಿಪಾರ್ಟ್‌ಮೆಂಟ್ ಅಲ್ಲ.

ಇದಕ್ಕೆ ಬಂದದ್ದು ಕೈ ಸುಮ್ಮನಿರದ ದೆಸೆಯಿಂದ. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ತಲೆ ಎತ್ತದೆಯೇ, "ಡೋಂಟ್ ಫಿಡ್ಜೆಟ್, ಚೈಲ್ಡ್" ಅನ್ನುತ್ತಿದ್ದರು. ನನ್ನ ಬೆಂಚಿನ ಸಪ್ಪಳ ಅವರಿಗೆ ಗೊತ್ತಿತ್ತು. ಆಮೇಲೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದೆ. ಮೊದಲ ವರ್ಷಗಳಲ್ಲಿ ಇನ್ನೂ ಬೋರ್ಡಿನ ಮುಂದೆ ಕೂತು ಕೈಯಿಂದಲೇ ಟ್ರಂಕ್ ಕಾಲ್ ಕೂಡಿಸಬೇಕಿತ್ತು. ಒಂದರ ಮೇಲೊಂದು ಬಿದ್ದ ತಂತಿಗಳನ್ನು ನೋಡದೆಯೇ ಬಿಡಿಸುವುದು ಬೆರಳಿಗೆ ಅಂಟಿಕೊಂಡಿತು. ರಿಟೈರ್ ಆದ ಮೇಲೆ ಬೆರಳುಗಳಿಗೆ ಕೆಲಸವಿಲ್ಲ. ಟೀವಿ ಮುಂದೆ ಕೂರಲಾರೆ, ಭಜನೆಗೆ ಹೋದರೆ ಅರ್ಧಕ್ಕೇ ಏಳುತ್ತೇನೆ. ಮನೆಯಲ್ಲೇ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತೇನೆ. ತಮ್ಮನ ಹೆಂಡತಿ ಕೆಳಗಿನಿಂದ, "ಅಕ್ಕಾರ, ನಮ್ಮ ಸೂರು ಸವೀತದ, ಕುಂದರ್ರಿ" ಎಂದು ಕೂಗುತ್ತಾಳೆ. ಒಂದು ದಿನ ಟ್ರಂಕಿನ ತಳದಲ್ಲಿ ನನ್ನದೇ ಬಾಲ್ಯದ ಗೊಂಬೆ ಸಿಕ್ಕಿತು, ತಲೆ ತುಂಬ ಸಿಕ್ಕು. ಕೂತೆ. ಏಳುವಾಗ ಸಂಜೆಯಾಗಿತ್ತು. ಅಷ್ಟು ಹೊತ್ತು ನಾನು ಒಂದೇ ಕಡೆ ಕೂತದ್ದು ಅದೇ ಮೊದಲು.

ಕೆಲಸದ ರೀತಿ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕು. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎಣ್ಣೆ ತೆಗೆಯಬೇಕು. ನಮ್ಮ ಬೋರಿನ ಸವಳು ನೀರು ನಡೆಯುವುದಿಲ್ಲ, ಕೂದಲು ಇನ್ನೂ ಬಿರುಸಾಗುತ್ತದೆ. ಕುಡಿಯುವ ಫಿಲ್ಟರ್ ನೀರೇ ಆಗಬೇಕು. ಆಮೇಲೆ ಕಂಡೀಷನರ್ ಸವರಿ, ಬಟ್ಟೆ ಸುತ್ತಿ ಒಂದು ದಿನ ಬಿಡಬೇಕು. ಆಮೇಲೆ ಹೇನಿನ ಹಣಿಗೆ. ತುದಿಯಿಂದ ಶುರು ಮಾಡಿ ಬುಡಕ್ಕೆ ಹೋಗಬೇಕು, ಒಮ್ಮೆಗೆ ಬೆರಳಿನ ಅಗಲದಷ್ಟು. ಬುಡದಿಂದ ಎಳೆದವರು ಕೆಟ್ಟರು. ಬಿಡದ ಗಂಟಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ಮೊನೆ. ಕೊನೆಗೆ ಬಿಸಿ ನೀರಿನಲ್ಲಿ ಅದ್ದಿದರೆ ನೈಲಾನು ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೂ ಬೇಸಿಗೆಯಲ್ಲಿ ಒಲೆ ಹಚ್ಚಬೇಕಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಮಾಳಿಗೆಯ ಟ್ಯಾಂಕಿನ ನಳ ತಿರುವಿದರೆ ಸಾಕು. ನೆರಳಲ್ಲಿ ಒಣಗಿಸಬೇಕು. ಮತ್ತೆ, ಕತ್ತರಿ ಮುಟ್ಟಬಾರದು. ಇದು ನನ್ನ ರೂಲ್. ಸಂಗ್ರಹದ ಗೊಂಬೆಗೆ ಒಂದು ಸಲ ಕತ್ತರಿ ಬಿತ್ತೆಂದರೆ ಅದರ ಬೆಲೆ ಹೋಯಿತು. ಗೊಂಬೆಗೆ ಕೂದಲು ಮತ್ತೆ ಬೆಳೆಯುವುದಿಲ್ಲವಲ್ಲ.

ಮಾನ್ವಿಯ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸಿದ್ದಾಳೆ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಸಗಟು ವ್ಯಾಪಾರಿಯ ಫೋನು ಬಂದರೆ ತೆಲುಗು. ಅವಳಿಗೆ ಹಳೆಯ ಗೊಂಬೆಗಳ ಹುಚ್ಚು. ಹೈದರಾಬಾದಿನ ಚೋರ್ ಬಜಾರಿನಿಂದ ತಂದು ಬಳೆಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಯಾರು ಕೇಳಿದರೂ ಮಾರುವುದಿಲ್ಲ. ಮೊದಲ ಸಲ ಒಂದನ್ನು ತಂದು ನನ್ನ ಮೇಜಿನ ಮೇಲೆ ಕೂರಿಸಿ, "ಆಂಟಿ, ಇಸ್ಕೆ ಬಾಲಾಂ ದೇಖೋ. ನಮ್ಮ ಅತ್ತಿ ಕೂದಲಕಿಂತ ಬಿರುಸ ಆಗ್ಯಾವ" ಅಂದಳು. ಎಂಟು ದಿನಕ್ಕೆ ಒಯ್ದಾಗ ಮೊದಲಿನ ಫೋಟೊ, ಈಗಿನ ಫೋಟೊ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪೆಟ್ಟಿಗೆಯ ಗಾಜಿಗೆ ಅಂಟಿಸಿದಳು. ಬಳೆ ಇಡಿಸಿಕೊಳ್ಳಲು ಕೈ ಕೊಟ್ಟು ಕೂತವರಿಗೆಲ್ಲ ಅದರ ಕಥೆ ಹೇಳುತ್ತಾಳಂತೆ: ರಾಯಚೂರದಾಗ ಒಬ್ಬ ಆಂಟಿ ಇದ್ದಾರ, ಕತ್ರಿ ಹಚ್ಚದ ಎಂಥಾ ಸಿಕ್ಕೂ ಬಿಡಸ್ತಾರ.

ಹಾಗೆ ಕೈ ಕೊಟ್ಟು ಕೂತವರಲ್ಲಿ ಒಬ್ಬಳು ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನನ್ನ ಮೆಟ್ಟಿಲು ಹತ್ತಿ ಬಂದಳು. ಐವತ್ತರ ಆಸುಪಾಸು. ದೇವದುರ್ಗ ತಾಲ್ಲೂಕಿನಲ್ಲಿ ಹೊಳೆ ದಂಡೆಯ ಗೂಗಲ್ ಎಂಬ ಊರಿನವಳು, ಕುರಿ ಸಾಕುವ ಮನೆ. ಪೋತ್ನಾಳದ ಗದ್ದೆಗಳಿಗೆ ಸಸಿ ಹಚ್ಚಲು ಬಂದಾಗ ಮಾನ್ವಿಯಲ್ಲಿ ಬಳೆ ಇಡಿಸಿಕೊಂಡಿದ್ದಳು. ಕೈಯಲ್ಲಿ ಗೊಂಬೆ ಇರಲಿಲ್ಲ. ಸೆರಗು ತಲೆ ತುಂಬ ಹೊದ್ದು, ಬಾಗಿಲಲ್ಲೇ ನಿಂತಳು.

"ಅವ್ವಾರ, ಗೊಂಬಿ ತೆಲಿ ಬಿಡಸವ್ರು ನೀವ ಏನ್ರಿ?"

"ಹೌದು. ಗೊಂಬಿ ಎಲ್ಲಿ?"

"ನಾನ ಅದೀನಲ್ರಿ" ಎಂದು ಸೆರಗು ಸರಿಸಿದಳು.

ಹಿಂದಲೆಯಿಂದ ಸೊಂಟದವರೆಗೆ ಒಂದೇ ಒಂದು ಹಗ್ಗ, ತೋಳಿನ ದಪ್ಪ, ಅರಿಶಿನ ಮೆತ್ತಿ ಮೆತ್ತಿ ಕಂದು ಬಣ್ಣಕ್ಕೆ ತಿರುಗಿದ್ದು. ನಮ್ಮ ಕಡೆ ಇದಕ್ಕೆ ಜಡಿ ಬರುವುದು ಅನ್ನುತ್ತಾರೆ. ಹೆಣ್ಣುಮಕ್ಕಳ ಕೂದಲು ತಾನಾಗಿ ಗಂಟು ಕಟ್ಟಿದರೆ ಅದು ದೇವಿಯ ಗುರುತು. ಬಾಚುವಂತಿಲ್ಲ, ಕತ್ತರಿಸುವಂತಿಲ್ಲ; ಮಂಗಳವಾರ, ಶುಕ್ರವಾರ ಭಂಡಾರ, ಅಂದರೆ ದೇವಿಯ ಅರಿಶಿನ, ಹಚ್ಚಿ ಪೂಜೆ ಮಾಡಬೇಕು. ಇವಳಿಗೆ ಒಂಬತ್ತು ವರ್ಷದಲ್ಲಿ ಬಂತಂತೆ. ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದಳು, ಯಾರೂ ತಲೆ ಬಾಚಿರಲಿಲ್ಲ. ಎದ್ದಾಗ ಜಡಿ. ಅಲ್ಲಿಗೆ ಶಾಲೆ ಬಿಟ್ಟಿತು, ಲಗ್ನದ ಮಾತು ಮುಗಿಯಿತು. ಅಣ್ಣನ ಮನೆಯಲ್ಲೇ ಉಳಿದಳು.

"ಈಗ್ಯಾಕ ಬಿಡಸ್ಬೇಕು?" ಎಂದು ಕೇಳಿದೆ.

ಅವಳು ನನ್ನ ಮಂಚ ನೋಡಿದಳು. "ಅಂಗಾತ ಮಲಗಬೇಕು ರೀ ಒಮ್ಮಿ. ನಲವತ್ತು ವರ್ಷ ಆತು. ಹಿಂದ ಇದು ಕಟ್ಟಿಗಿ ಇಟ್ಟಂಗ ಚುಚ್ಚತದ. ಬಲಮಗ್ಗಲಾ ಇಲ್ಲಾ ಎಡಮಗ್ಗಲಾ. ಮಳಿ ಬಂದು ತೊಯ್ದರ ಎಂಟು ದಿನ ಆರಂಗಿಲ್ಲ, ಕುತ್ತಿಗಿ ಇಳಿಬೀಳ್ತದ. ದವಾಖಾನಿಯವ್ರು ತೆಗಸು ಅಂದ್ರು."

"ಮತ್ತ ಅಲ್ಲೇ ಯಾಕ ತೆಗಸಲಿಲ್ಲ?"

"ಕತ್ರಿ ಹಚ್ಚಬಾರ್ದಲ್ರೀ." ಇದನ್ನು ಅವಳು ಪಾಠ ಒಪ್ಪಿಸುವವಳಂತೆ ಬಿಡಿಸಿ ಹೇಳಿದಳು. "ಕತ್ರಿ ಹಚ್ಚಿದ್ರ ಅವ್ವ ಸಿಟ್ಟಾಗ್ತಾಳ. ಅಕಿ ಸಿಟ್ಟಾಗ್ತಾಳೋ ಇಲ್ಲೋ, ಮಂದಿ ಅಂತೂ ಆಗ್ತಾರ. ನಾಳೆ ಅಣ್ಣನ ಮನ್ಯಾಗ ಕುರಿ ಸತ್ರೂ ನನ್ನ ತೆಲಿ ಮ್ಯಾಲ, ಓಣ್ಯಾಗ ಕೂಸಿಗಿ ಜ್ವರ ಬಂದ್ರೂ ನನ್ನ ತೆಲಿ ಮ್ಯಾಲ. ಆದ್ರ ಬಿಡಸಬಾರ್ದು ಅಂತ ಎಲ್ಲಿ ಅದ? ನಾ ನಮ್ಮ ಪೂಜಾರಪ್ಪನ್ನ ಕೇಳೀನಿ. ತಾನಾಗಿ ಬಂದದ್ದು ತಾನಾಗಿ ಬಿಟ್ಟುಹೋದ್ರ ದೋಷಿಲ್ಲ ಅಂದಾನ. ನೀವು ಕತ್ರಿ ಹಚ್ಚಂಗಿಲ್ಲಲ್ಲ."

"ನಾ ಮನುಷ್ಯಾರ ಕೂದ್ಲಾ ಮುಟ್ಟಿಲ್ಲವ್ವಾ. ಐ ಡೋಂಟ್ ನೋ ಹೌ. ನೈಲಾನೇ ಬೇರೆ, ಇದೇ ಬೇರೆ."

"ನಾ ಗೊಂಬಿಗತೆ ಕೂಡ್ತೀನ್ರಿ. ಒಂದು ಮಾತಾಡಂಗಿಲ್ಲ" ಅಂದಳು. ಈ ಒಂದು ಮಾತನ್ನು ಮಾತ್ರ ಅವಳು ಒಂದು ದಿನವೂ ನಡೆಸಲಿಲ್ಲ.

ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಈಗ ಕೇಳಿಕೊಂಡರೆ ಕರುಣೆ ಅನ್ನಲು ನಾಚಿಕೆಯಾಗುತ್ತದೆ. ಆ ಹಗ್ಗ ಕಂಡ ಕೂಡಲೇ ಬೆರಳುಗಳು ಜುಮ್ಮೆಂದಿದ್ದವು. ಅಷ್ಟು ದೊಡ್ಡ ಸಿಕ್ಕು ನನ್ನ ಕೈಗೆ ಎಂದೂ ಬಂದಿರಲಿಲ್ಲ.

ಶುರು ಮಾಡುವ ಮೊದಲು ಅವಳು ಎರಡು ಕರಾರು ಹಾಕಿದಳು. ಮನೆಯಲ್ಲಿನ ಕತ್ತರಿಗಳನ್ನು ತೋರಿಸಬೇಕು. ತೋರಿಸಿದೆ: ಬಟ್ಟೆಯದು ಒಂದು, ಅಡುಗೆಮನೆಯದು ಒಂದು. ಎರಡನ್ನೂ ತಾನೇ ಒಯ್ದು ಕೆಳಗೆ ನನ್ನ ತಮ್ಮನ ಹೆಂಡತಿಯ ಕೈಗೆ ಕೊಟ್ಟು ಬಂದಳು. ಎರಡನೆಯದು, ಹಣಿಗೆಗೆ ಬಂದ ಒಂದು ಎಳೆಯನ್ನೂ ಚೆಲ್ಲಬಾರದು. ಎಲ್ಲವನ್ನೂ ಹಳದಿ ಬಟ್ಟೆಯಲ್ಲಿ ಕಟ್ಟಿಡಬೇಕು. ಮುಗಿದ ಮೇಲೆ ಗೂಗಲ್‌ನಲ್ಲಿ ಹೊಳೆಗೆ ಬಿಡಬೇಕು. ದೇವಿ ಕೊಟ್ಟದ್ದನ್ನು ಹೊಳೆಗೆ ಒಪ್ಪಿಸುವುದು.

ಮಂಗಳವಾರ, ಶುಕ್ರವಾರ ಬಿಟ್ಟು ವಾರಕ್ಕೆ ಎರಡು ದಿನ ದೇವದುರ್ಗದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳು, ಹಿಂದೆ ಕುರ್ಚಿಯಲ್ಲಿ ನಾನು. ಮೊದಲ ದಿನ ತೊಳೆದ ನೀರು ಹಳದಿಯಾಗಿ, ಆಮೇಲೆ ಕಪ್ಪಾಗಿ, ಆಮೇಲೆ ಮತ್ತೆ ಹಳದಿಯಾಗಿ ಹೋಯಿತು. ಗೊಂಬೆಗೆ ಹಚ್ಚುವ ಕಂಡೀಷನರ್ ಬಾಟಲಿ ಪೂರ್ತಿ ಸುರಿದರೂ ಹಗ್ಗ ಮಿಸುಕಲಿಲ್ಲ. ಎರಡನೆಯ ದಿನ ನಾನು ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದೆ. ಇಷ್ಟು ವರ್ಷ ಊರಿಗೆಲ್ಲ ಬೇಡ ಬೇಡ ಅಂದದ್ದನ್ನು ನಾನೇ ಎರಡೂ ಕೈಯಿಂದ ಹಚ್ಚಿದೆ. ಒಂದು ತಾಸಿಗೆ ತುದಿ ಮೆತ್ತಗಾಯಿತು. ಹೆಣೆಯುವ ಕಡ್ಡಿಯ ಮೊನೆ ಒಳಗೆ ಹೋಯಿತು. ಮೊದಲ ಎಳೆ ಹೊರಗೆ ಬಂದು ಅವಳ ಬೆನ್ನ ಮೇಲೆ ಬಿದ್ದಾಗ ನಾನು ತಡೆಯಲಾರದೆ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ.

"ಯಾಕ್ರಿ, ಚೇಳು ಕಡೀತೇನು?"

"ನಂಗ ಒಂದ ಕಡೆ ಕೂಡಾಕ ಬರಂಗಿಲ್ಲ."

"ನನಗ ಅದೊಂದ ಬರ್ತದ ನೋಡ್ರಿ" ಅಂದಳು.

ಹೌದು. ಅವಳು ಕೂರುತ್ತಿದ್ದ ಬಗೆ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬಾಯಿ ನಡೆಯುತ್ತಿತ್ತು, ಕತ್ತು ಮಾತ್ರ ಕದಲುತ್ತಿರಲಿಲ್ಲ. ಅಣ್ಣನ ಹೆಂಡತಿ ತನ್ನನ್ನು ಊರವರ ಮುಂದೆ ದೇವಿ ಅನ್ನುವುದು, ಮನೆಯಲ್ಲಿ ಹಿಟ್ಟು ಬೀಸಲು ಕೂರಿಸುವುದು. ಹೊಳೆಯ ನೀರು ಏರಿದ ವರ್ಷ ಕುರಿ ಹೊತ್ತು ದಿಬ್ಬ ಹತ್ತಿದ್ದು. ಸಸಿ ಹಚ್ಚುವಾಗ ಬಗ್ಗಿದರೆ ಜಡಿ ಕೆಸರಿಗೆ ಬಿದ್ದು ಸಾಲಿನ ಹೆಂಗಸರು, "ನಿನ್ನ ಅವ್ವನ್ನೂ ಸ್ವಲ್ಪ ಕೆಲಸಕ್ಕ ಹಚ್ಚಲೇ" ಎಂದು ನಕ್ಕದ್ದು, ಎಲ್ಲವನ್ನೂ ಹೇಳಿದಳು. ಒಂದು ದಿನ ನನ್ನನ್ನೇ ಹಿಡಿದಳು.

"ಅವ್ವಾರ, ನಿಮಗೂ ಲಗ್ನ ಆಗಿಲ್ಲಂತ?"

"ಇಲ್ಲ."

"ನಿಮಗೇನ್ ಬಂದಿತ್ತು?"

"ನೌಕರಿ ಬಂದಿತ್ತು" ಅಂದೆ.

"ಅದೂ ಒಂದ ನಮೂನಿ ಜಡೀನ ಬಿಡ್ರಿ" ಅಂದಳು. ನಕ್ಕು ನಕ್ಕು ನನ್ನ ಕೈಯಿಂದ ಕಡ್ಡಿ ಬಿತ್ತು. ಕೆಳಗಿನಿಂದ ತಮ್ಮನ ಹೆಂಡತಿ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದಳು.

ಆರು ವಾರ ಹಿಡಿಯಿತು. ಹಗ್ಗ ತುದಿಯಿಂದ ಕರಗುತ್ತಾ ಬಂತು. ಅರ್ಧಕ್ಕಿಂತ ಹೆಚ್ಚು ಎಂದೋ ಉದುರಿ ಒಳಗೇ ಸಿಕ್ಕಿಕೊಂಡಿದ್ದ ಕೂದಲು. ಬಿಡಿಸಿದರೆ ಕೈಗೇ ಬರುತ್ತಿತ್ತು, ಹಳದಿ ಬಟ್ಟೆಯ ಗಂಟು ತಲೆದಿಂಬಿನಷ್ಟಾಯಿತು. ತಲೆಯಲ್ಲಿ ಉಳಿದದ್ದು ಹೆಗಲವರೆಗಿನ ತೆಳ್ಳನೆಯ ಕೂದಲು, ಅರ್ಧ ನರೆತದ್ದು, ಮುಟ್ಟಿದರೆ ಆಶ್ಚರ್ಯವಾಗುವಷ್ಟು ಮೃದು. ಕೊನೆಗೆ ಹಿಂದಲೆಯಲ್ಲಿ, ಸರಿಯಾಗಿ ದಿಂಬಿಗೆ ಒತ್ತುವ ಜಾಗದಲ್ಲಿ, ಒಂದು ಬಾರೆಹಣ್ಣಿನಷ್ಟು ಗಂಟು ಉಳಿಯಿತು. ಜ್ವರದ ತಿಂಗಳುಗಳಲ್ಲಿ ಮೊದಲು ಕಟ್ಟಿದ್ದು ಅದೇ ಇರಬೇಕು. ನಲವತ್ತು ವರ್ಷದ ಭಂಡಾರ ಕುಡಿದು ಕಲ್ಲಾಗಿತ್ತು.

ಅವಳು ಬಂದ ಮೂರು ದಿನವೂ ಅದನ್ನೇ ಹಿಡಿದು ಕೂತೆ. ಎಣ್ಣೆ ಇಳಿಯಲಿಲ್ಲ, ಕಡ್ಡಿಯ ಮೊನೆ ಬಾಗಿತು. ನನ್ನ ಬೆರಳ ಗಿಣ್ಣುಗಳು ಬಾತು ಚಹಾದ ಕಪ್ಪು ಹಿಡಿಯಲಾಗುತ್ತಿರಲಿಲ್ಲ. ಮಾನ್ವಿಯ ಬಳೆ ಅಂಗಡಿಯವಳು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು: "ಆಂಟಿ, ಹೋ ಗಯಾ? ಇಲ್ಲಿ ಎಲ್ಲಾ ಕೇಳಾಕತ್ತಾರ." ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಅವಳ ದೇವದುರ್ಗದ ಬಸ್ಸಿಗೆ ಇನ್ನು ಒಂದು ತಾಸು. ಮಾತು ನಿಂತು ಎಷ್ಟು ಹೊತ್ತಾಯಿತೋ, ಬಗ್ಗಿ ನೋಡಿದೆ. ಗದ್ದ ಎದೆಗೆ ಬಿದ್ದಿತ್ತು, ಉಸಿರು ಉದ್ದವಾಗಿತ್ತು.

ಹೊಲಿಗೆಯ ಡಬ್ಬಿಯಲ್ಲಿ ದಾರ ಕತ್ತರಿಸಲು ಒಂದು ಮಡಚುವ ಕತ್ತರಿ ಇತ್ತು, ಕಿರುಬೆರಳಿಗಿಂತ ಚಿಕ್ಕದು. ಅವಳಿಗೆ ತೋರಿಸುವಾಗ ಅದು ನನಗೇ ನೆನಪಿರಲಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ. ಆದರೆ ಆ ಮಧ್ಯಾಹ್ನ ನೆನಪಾಯಿತು. ಅವಳ ನೋವು ನೋಡಲಾರದೆ ತೆಗೆದುಕೊಂಡೆ ಎಂದು ಬರೆದರೆ ಓದುವವರು ನಂಬುತ್ತಾರೆ. ನಿಜ ಅದಲ್ಲ. ನನಗೆ ಮುಗಿಸಬೇಕಿತ್ತು. ಇನ್ನೊಂದು ದಿನ ಆ ಕುರ್ಚಿಯಲ್ಲಿ ಕೂತು ಅದೇ ಗಂಟು ನೋಡುವುದು ನನ್ನಿಂದ ಆಗುವಂತಿರಲಿಲ್ಲ. ಮೂರು ಸಲ ಕಚ್ಚಿಸಬೇಕಾಯಿತು. ಗಂಟು ಅಂಗೈಗೆ ಬಂತು. ಅದನ್ನು ಹಳದಿ ಬಟ್ಟೆಗೆ ಹಾಕುವಂತಿರಲಿಲ್ಲ, ಕತ್ತರಿಸಿದ ಬದಿ ಚಾಕುವಿನಿಂದ ಹಣ್ಣು ಕೊಯ್ದಂತೆ ನುಣ್ಣಗಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಮೇಲೆ ಹಣಿಗೆ ಹಾಕಿ ಬುಡದಿಂದ ತುದಿಗೆ ಎಳೆದೆ. ಎಲ್ಲೂ ತಡೆಯಲಿಲ್ಲ. ಅವಳು ತಲೆ ಎತ್ತಿದಳು. ಕೈ ಹಿಂದಕ್ಕೆ ತಂದು ಹಿಂದಲೆ ಮುಟ್ಟಿದಳು, ಮತ್ತೆ ಮುಟ್ಟಿದಳು.

"ಹೋತೇನ್ರಿ?"

"ಹೋತು."

"ಕತ್ರಿ?"

"ಇಲ್ಲ" ಅಂದೆ.

ಅವಳು ನನ್ನ ಕೈಯಿಂದ ಹಣಿಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಕನ್ನಡಿ ಕೇಳಲಿಲ್ಲ. ಹಳದಿ ಬಟ್ಟೆಯ ಗಂಟು ಎತ್ತಿಕೊಂಡು, ಸೆರಗು ಹೊದೆಯದೆ, ಬರೀ ತಲೆಯಲ್ಲಿ ಮೆಟ್ಟಿಲಿಳಿದು ಬಸ್ಸಿಗೆ ಹೋದಳು.

ಅಂದಿನಿಂದ ನನಗೆ ಕೂರುವುದೂ ಆಗಲಿಲ್ಲ, ನಡೆಯುವುದೂ ಆಗಲಿಲ್ಲ. ಕತ್ತರಿಸಿದ ಗಂಟನ್ನು ಖಾಲಿ ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ ಇಟ್ಟೆ. ಅಲ್ಲಿಂದ ತೆಗೆದು ಹಾಸಿಗೆಯ ಕೆಳಗೆ, ಅಲ್ಲಿಂದ ಮಾಳಿಗೆಗೆ. ಚೆಲ್ಲುವಂತಿಲ್ಲ, ಅದು ಹೊಳೆಗೆ ಸೇರಬೇಕಾದ್ದು, ನನಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ಅನ್ನುವುದು ಬೇರೆ ಮಾತು, ಅದು ನನ್ನದಲ್ಲ. ಒಂದು ಮುಂಜಾನೆ ಓಣಿಯಲ್ಲಿ, ಉದುರಿದ ಕೂದಲು ತೆಗೆದುಕೊಂಡು ಸ್ಟೀಲಿನ ಸಾಮಾನು ಕೊಡುವವನು ಕೂಗುತ್ತಾ ಬಂದ. ಡಬ್ಬಿ ಹಿಡಿದು ಮೆಟ್ಟಿಲವರೆಗೆ ಹೋದೆ. ಅವನು ಕೈ ಚಾಚಿದಾಗ, "ಏನಿಲ್ಲಪ್ಪಾ, ಹೋಗು" ಎಂದು ವಾಪಸು ಬಂದೆ.

ಮಾನ್ವಿಯಿಂದ ಫೋನು ಬಂತು. ಜಡಿಯವಳು ಅಲ್ಲಿಗೆ ಹೋಗಿದ್ದಳಂತೆ, ಅಂಗಡಿಯಲ್ಲಿ ಕೂದಲು ಬಿಟ್ಟು ಕೂತಿದ್ದಳಂತೆ. "ಕ್ಯಾ ಬತಾವುಂ ಆಂಟಿ, ಬಜಾರೆಲ್ಲಾ ನೋಡಿ ಹೋತು. ಕತ್ರಿ ಹಚ್ಚಿಲ್ಲಾ ಅಂತ ಅಕೀನ ನಿಂತು ನಿಂತು ಹೇಳಿದ್ಲು. ಪೋತ್ನಾಳದಾಗ ಇನ್ನೊಬ್ಬಾಕಿಗಿ ಜಡಿ ಅದಂತ, ಹದಿನಾರು ವರ್ಷದ ಹುಡುಗಿ. ಅವ್ರವ್ವ ಬಂದಿದ್ಲು. ನಿಮ್ಮ ಕಡೆ ಕಳಸ್ಲೇನು?"

"ಸದ್ಯಕ್ಕ ಬ್ಯಾಡ" ಅಂದೆ.

"ಯಾಕ್ರಿ, ಆರಾಮ ಇಲ್ಲೇನು?"

"ಕೈ ನೋವು."

ಆ ಹುಡುಗಿಯನ್ನು ನಾನು ಕಂಡಿಲ್ಲ. ಆದರೆ ನಾನು ಹೇಳಿದ ಒಂದು 'ಇಲ್ಲ' ಮಾನ್ವಿಯ ಬಜಾರಿನಲ್ಲಿ ನಿಂತು ಇನ್ನೊಂದು ತಲೆಯನ್ನು ಕರೆಯುತ್ತಿತ್ತು. ನಾಳೆ ಅವಳ ಗಂಟೂ ಬಿಡದಿದ್ದರೆ? ಮತ್ತೆ ಮಲಗಲಿ ಎಂದು ಕಾಯುವುದೇ? ಮೇಜಿನ ಮೇಲೆ ಅಂಗಡಿಯವಳ ಹೊಸ ಗೊಂಬೆ ಮೂರು ವಾರದಿಂದ ಬಟ್ಟೆ ಸುತ್ತಿಕೊಂಡು ಕೂತಿತ್ತು. ಹಣಿಗೆ ಹಿಡಿದರೆ ಒಂದು ಬೆರಳಗಲ ಬಿಡಿಸುವಷ್ಟರಲ್ಲಿ ಎದ್ದುಬಿಡುತ್ತಿದ್ದೆ. ನಿಜ ಹೇಳಿದರೆ ಗೂಗಲ್‌ನವಳಿಗೆ ಏನಾಗುತ್ತದೆ ಅನ್ನುವುದೂ ಕಾಡುತ್ತಿತ್ತು. ಊರ ಮುಂದೆ ಅಷ್ಟು ಹೇಳಿಕೊಂಡವಳು. ನನ್ನ ಮನಸ್ಸು ಹಗುರಾಗಲೆಂದು ಅವಳ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ? ಹೇಳದಿದ್ದರೆ, ಎಲ್ಲವನ್ನೂ ಹೊಳೆಗೆ ಒಪ್ಪಿಸಿದೆ ಎಂದು ಅವಳು ನಂಬಿಕೊಂಡಿರುವುದು ಸುಳ್ಳು. ಕಾನ್ವೆಂಟಿನಲ್ಲಿ ನಮಗೆ ಕನ್‌ಫೆಷನ್ ಇರಲಿಲ್ಲ, ಅದು ಕ್ರಿಶ್ಚಿಯನ್ ಹುಡುಗಿಯರಿಗೆ ಮಾತ್ರ. ಅವರು ಚಾಪೆಲ್‌ನಿಂದ ಹೊರಗೆ ಬರುವಾಗ ಮುಖ ತೊಳೆದಂತೆ ಕಾಣುತ್ತಿದ್ದದ್ದು ನನಗೆ ಗೊತ್ತಿದೆ. ನನಗೂ ಅದು ಬೇಕಾಗಿತ್ತು ಅನ್ನಿಸುತ್ತದೆ.

ಮಳೆಗಾಲದ ಮೊದಲಿಗೆ ಒಂದು ಬುಧವಾರ ಡಬ್ಬಿಯನ್ನು ಕೈಚೀಲದಲ್ಲಿಟ್ಟು ದೇವದುರ್ಗದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಗೊಬ್ಬರದ ಚೀಲ. ಕಿಟಕಿಯ ಪಕ್ಕ ಕೂತೆ, ಎರಡು ಸಲ ಜಾಗ ಬದಲಿಸಿದೆ. ಕಂಡಕ್ಟರ್, "ಅಮ್ಮಾರ, ಒಂದ ಟಿಕೆಟಿಗಿ ಎಷ್ಟು ಸೀಟ್ರಿ?" ಅಂದ. ದೇವದುರ್ಗದಲ್ಲಿ ಇಳಿದು ಟಂಟಂ ಆಟೋ ಹಿಡಿದು ಗೂಗಲ್‌ಗೆ ಹೋದೆ. ಕೇಳಿದ ಮೊದಲ ಮನೆಯವರೇ, "ಜಡಿ ಬಿಟ್ಟಾಕಿ ಮನಿ ಏನ್ರಿ?" ಎಂದು ಕೈ ತೋರಿಸಿದರು. ಹೆಸರು ಬದಲಾಗಿತ್ತು. ಮೊದಲು ಜಡಿಯಾಕಿ ಆಗಿದ್ದಳು.

ಅವಳು ಅಂಗಳದಲ್ಲಿ ಹುಲ್ಲು ಹರವುತ್ತಿದ್ದಳು. ಕೂದಲು ಎಣ್ಣೆ ಹಚ್ಚಿ ಸಣ್ಣ ತುರುಬು ಕಟ್ಟಿದ್ದಳು, ಚಿಕ್ಕ ಹುಡುಗಿಯರು ಕಟ್ಟಿಕೊಳ್ಳುವ ಹಾಗೆ, ಸ್ವಲ್ಪ ಓರೆಯಾಗಿ. ನನ್ನನ್ನು ನೋಡಿ ಹುಲ್ಲು ಅಲ್ಲೇ ಬಿಟ್ಟು ಬಂದಳು. ನೀರು ಕೊಟ್ಟಳು. ಒಳಗಿನಿಂದ ಅವಳ ಅಣ್ಣನ ಹೆಂಡತಿ ಹೊರಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. "ನಿಮ್ಮ ಕೈಗುಣ ದೊಡ್ಡದ್ರಿ" ಅಂದಳು.

"ಹೊಳಿ ನೋಡಬೇಕು" ಎಂದು ಇವಳಿಗೆ ಹೇಳಿದೆ.

ಇಬ್ಬರೇ ಹೊಳೆಯ ದಂಡೆಗೆ ಇಳಿದೆವು. ನೀರು ಹೊಸ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಅಲ್ಲಮಪ್ರಭುವಿನ ಗುಡಿಯ ಕಡೆಯಿಂದ ಯಾರೋ ಕೊಡ ತೊಳೆಯುವ ಸಪ್ಪಳ. ನಾನು ಡಬ್ಬಿ ತೆಗೆದೆ. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ಮಾತುಗಳೆಲ್ಲ ಹೋದವು.

"ಇದು ಉಳಿದಿತ್ತು" ಅಂದೆ.

ಅವಳು ಗಂಟನ್ನು ತೆಗೆದುಕೊಂಡು ತಿರುವಿ ನೋಡಿದಳು. ಹೆಬ್ಬೆರಳನ್ನು ಆ ನುಣ್ಣನೆಯ ಬದಿಯ ಮೇಲೆ ಒಮ್ಮೆ ಆಡಿಸಿದಳು.

"ನೋಡವ್ವಾ, ಅವತ್ತು ನಾನು..."

"ಅವತ್ತು ನಾ ಮಲಗಿದ್ದೆ ರೀ" ಅಂದಳು.

"ಮಲಗಿದ್ದಿ. ಅದಕ್ಕ ನಾ..."

"ಮೂರು ಸಲ ಕಟ್ ಕಟ್ ಅಂತು. ಕಿವಿ ಹಿಂದನ ಅಲ್ರಿ? ಆದ್ರ ನಾ ಮಲಗಿದ್ದೆ." ನನ್ನ ಮುಖ ನೋಡಲಿಲ್ಲ, ನೀರು ನೋಡುತ್ತಿದ್ದಳು. "ಎದ್ದಮ್ಯಾಲೆ ಕೇಳಿದೆ, ಕತ್ರಿ ಅಂತ. ನೀವು ಇಲ್ಲ ಅಂದ್ರಿ. ನಾ ಊರಿಗೆಲ್ಲಾ ಅದನ್ನ ಹೇಳೀನಿ. ಈಗ ಬ್ಯಾರೆ ಏನೂ ಹೇಳಬ್ಯಾಡ್ರಿ ನನಗ."

ಬಗ್ಗಿ, ಗಂಟನ್ನು ಎಸೆಯದೆ, ನೀರೊಳಗೆ ಕೈ ಮುಳುಗಿಸಿ ಬಿಟ್ಟಳು. ಅದು ಸ್ವಲ್ಪ ದೂರ ತೇಲಿ ಮುಳುಗಿತು.

ನಾನು ಅಷ್ಟು ದೂರ ಹೊತ್ತುಕೊಂಡು ಹೋದ ತಪ್ಪೊಪ್ಪಿಗೆ ನನ್ನ ಬಳಿಯೇ ಉಳಿಯಿತು. ಅವಳಿಗೆ ಅದು ಬೇಕಾಗಿರಲಿಲ್ಲ. ಅವಳು ಆ ಸ್ಟೂಲಿನ ಮೇಲೆ ಕತ್ತು ಬಗ್ಗಿಸಿ, ಉಸಿರು ಉದ್ದ ಮಾಡಿ, ಅಲುಗಾಡದೆ ಕಾದಿದ್ದಳು. ಎಷ್ಟು ದಿನದಿಂದ ಕಾದಿದ್ದಳೋ. ಮೊದಲನೆಯ ದಿನದಿಂದಲೇ ಇರಬಹುದು.

"ಪೋತ್ನಾಳದ ಜಡಿ ಹುಡುಗೀನ ನನ್ನ ಕಡೆ ಕಳಸ್ಲೇನು ಅಂತಾರ" ಅಂದೆ.

"ಬರ್ಲಿ. ಆ ಹುಡುಗಿಗಿ ಮಾತ್ರ ಮೊದಲ ಹೇಳಿಬಿಡ್ರಿ, ಬಿಡ್ತದೋ ಇಲ್ಲೋ ಅಂತ. ಸಣ್ಣಾಕಿ. ಮಲಗಿದಂಗ ಮಾಡಾಕ ಬರಂಗಿಲ್ಲ ಅಕಿಗಿ."

ದಂಡೆ ಹತ್ತಿ ಬರುವಾಗ ಕೇಳಿದೆ, "ಅಂಗಾತ ಮಲಗ್ತೀಯೇನು ಈಗ?"

"ಎಲ್ಲೀದ್ರಿ" ಎಂದು ನಕ್ಕಳು. "ಮೈಗೆ ರೂಢಿ ಬಿದ್ದದ. ಬೆನ್ನು ಹಚ್ಚಿ ಬಿದ್ದೆ ಅಂದ್ರ ಕಣ್ಣ ಮುಚ್ಚಂಗಿಲ್ಲ. ಯಾರೋ ಮ್ಯಾಲಿಂದ ನೋಡಾಕತ್ತಂಗ ಆಗ್ತದ. ಸ್ವಲ್ಪ ಹೊತ್ತಿಗಿ ಬಲಮಗ್ಗಲಾಕ ಹೊಳ್ಳಿಬಿಡ್ತೀನಿ. ಆದ್ರ ದಿನಾ ಊಟ ಆದಮ್ಯಾಲ ಒಂದೀಟು ಹೊತ್ತು ಬೀಳ್ತೀನ್ರಿ. ಬಿಡಂಗಿಲ್ಲ."

ಬೇವಿನ ಮರದ ಕೆಳಗೆ ಕಟ್ಟೆಯಿತ್ತು. ಅವಳು ಸೆರಗಿನಿಂದ ಧೂಳು ಹೊಡೆದು, ಆ ಕಡೆ ಈ ಕಡೆ ನೋಡಿ, ಹಾಗೇ ಕಟ್ಟೆಯ ಮೇಲೆ ಅಂಗಾತ ಬಿದ್ದುಕೊಂಡಳು. ಓರೆ ತುರುಬು ಬಿಚ್ಚಿ ಕಲ್ಲಿನ ಮೇಲೆ ಹರಡಿತು. ಎರಡೂ ಕೈ ಮೈಗೆ ಹಚ್ಚಿ, ಕಣ್ಣು ಬಿಟ್ಟುಕೊಂಡು, ಬೇವಿನ ಎಲೆ ನೋಡುತ್ತಾ ಮಲಗಿದಳು.

"ಹೆಂಗ ಕಾಣ್ತೀನ್ರಿ?"

"ಚಲೋ ಕಾಣ್ತಿ."

"ಬರ್ರಿ, ನೀವೂ ಕುಂದರ್ರಿ. ಬಸ್ಸಿಗಿ ಇನ್ನೂ ಹೊತ್ತದ."

ಅವಳ ತಲೆಯ ಹತ್ತಿರ ಕೂತೆ. ನನ್ನ ಕೈ ಸುಮ್ಮನಿರಲಿಲ್ಲ, ಕಲ್ಲಿನ ಮೇಲೆ ಹರಡಿದ ಕೂದಲಿನ ಕಡೆ ಹೋಯಿತು. ಅವಳು ಕಣ್ಣು ಹೊರಳಿಸಿ ನೋಡಿದಳು, "ಸಿಕ್ಕ ಇಲ್ರಿ, ಬಿಡ್ರಿ" ಅಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.